ಇಪ್ಪತ್ತನೇ ತಾರೀಕಿನ ಎದೆಬಡಿತಕ್ಕೆ ಕುಕ್ಕರಹಳ್ಳಿ ಕೆರೆ: ನನ್ನ ಅನುಭವ

11, 20, 31 ಅಂದರೆ ಟ್ಯಾಕ್ಸ್ ರಿಟರ್ನ್ ಸಲ್ಲಿಸೋ ಕೊನೇ ತಾರೀಕುಗಳು, ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಲ್ಲಿ ಹದಿನೇಳು ವರ್ಷದಿಂದ ಟ್ಯಾಕ್ಸ್ ಪ್ರಾಕ್ಟೀಸ್ ನನ್ನದು. ಪೋರ್ಟಲ್ ಗಿರಗಿರ ಸುತ್ತೋಕೆ ಶುರುವಾದರೆ ಎದೆ ಹೊಡಕೊಳ್ಳುತ್ತಿತ್ತು. ರಾತ್ರಿ ಮೂರಕ್ಕೇ ಎಚ್ಚರ. ಬಿಪಿ ನೂರೈವತ್ತು ದಾಟಿತ್ತು. "ಕೆರೆ ಹತ್ರ ಸುಮ್ನೆ ಕೂತ್ರೆ ಬಿಪಿ ಇಳಿಯತ್ತಾ ಸ್ವಾಮಿ?" ಅಂತ ನಕ್ಕರು ಜೊತೆಯವರು. ನಾನು ಹಾಗೆ ಕೂರೋಕೆ ಶುರುಮಾಡಿ ಹದಿನಾಲ್ಕು ತಿಂಗಳಾಯ್ತು, ಇಳಿದಿದೆ. ಅದಕ್ಕೇ ಬರೀತಿದ್ದೀನಿ.

ಮೊದಲು ಕಳಕೊಂಡ ದುಡ್ಡಿನ ಲೆಕ್ಕ. ಕಬಿನಿ ಹಿನ್ನೀರಿನ ಹತ್ರ ಎರಡು ರಾತ್ರಿ, ಸಂಸಾರ ಸಮೇತ ಸುಮಾರು 38 ಸಾವಿರ. ಜೀಪಲ್ಲಿ ಕೂತು ಆನೆ ನೋಡುವಾಗಲೂ ಕ್ಲೈಂಟುಗಳಿಂದ ಓಟಿಪಿ ಬರ್ತಾನೇ ಇತ್ತು. ವಾಪಸ್ ಬಂದರೆ ಎರಡು ದಿನದ ಫೈಲು ಮೇಜಿನ ಮೇಲೆ, ಇದ್ದ ನಿದ್ದೆಯೂ ಹೋಯ್ತು. ಆಮೇಲೆ ಚಾಮುಂಡಿ ಬೆಟ್ಟ. ಆರೇಳು ಸಾವಿರದ ವಾಚು ಕಟ್ಟಿಕೊಂಡು ಸಾವಿರದ ಚಿಲ್ಲರೆ ಮೆಟ್ಟಿಲು ಹತ್ತಿದೆ. ನಂದಿಗೆ ಎಷ್ಟು ನಿಮಿಷ, ಮೇಲಕ್ಕೆ ಎಷ್ಟು ನಿಮಿಷ ಅಂತ ಅಲ್ಲೂ ಡ್ಯೂ ಡೇಟ್ ಹುಟ್ಟಿಕೊಂಡಿತು. ಮಂಡಿ ಊದಿ ಫಿಸಿಯೋಗೆ ಇನ್ನೊಂದು ನಾಲ್ಕು ಸಾವಿರ. ಕುಕ್ಕರಹಳ್ಳಿಯ ವಾಕಿಂಗ್ ಗುಂಪಿಗೆ ಸೇರಿದೆ. ಒಂದು ಸುತ್ತು ಮುಗಿಯೋದರೊಳಗೆ ಮೂರು ಟ್ಯಾಕ್ಸ್ ನೋಟಿಸಿಗೆ ಸಲಹೆ ಕೊಟ್ಟಾಗಿರುತ್ತಿತ್ತು.

ಆ ಮಂಡಿ ನೋವಿಂದಲೇ ದಾರಿ ಸಿಕ್ಕಿದ್ದು. ಗುಂಪು ಮುಂದೆ ಹೋಯ್ತು, ನಾನು ಏರಿ ಪಕ್ಕ ಕೂತೆ. ಎದುರಿಗೆ ಒಣ ಕೊಂಬೆ ಮೇಲೆ ಹಾವಿನಂಥ ಕತ್ತಿನ ಹಾವಕ್ಕಿ ರೆಕ್ಕೆ ಹರವಿಕೊಂಡು ನಿಂತಿತ್ತು. ಅದರ ಪುಕ್ಕ ನೀರು ಕುಡಿಯುತ್ತೆ, ಒಣಗಿಸಿಕೊಳ್ಳದೆ ಅದಕ್ಕೆ ಬೇರೆ ದಾರಿಯಿಲ್ಲ. ಒಣಗಿದ ಮೇಲೆ ನೀರಿಗಿಳಿಯಿತು, ಬರೀ ಕತ್ತು ಕಾಣ್ತಿತ್ತು, ಆಮೇಲೆ ಅದೂ ಇಲ್ಲ. ಎದ್ದಾಗ ಕೊಕ್ಕಿಗೆ ಮೀನು ಚುಚ್ಚಿಕೊಂಡಿತ್ತು. ಒದರಿ, ಮೇಲಕ್ಕೆಸೆದು, ತಲೆ ಕಡೆಯಿಂದ ನುಂಗಿತು. ಗಡಿಯಾರ ನೋಡಿದರೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಒಂದು ಕ್ಲೈಂಟಿನ ಹೆಸರೂ ನೆನಪಾಗಿರಲಿಲ್ಲ.

ಅವತ್ತಿಂದ ಬೆಳಿಗ್ಗೆ ಗೇಟು ತೆಗೆದ ತಕ್ಷಣ ಹೋಗ್ತೀನಿ, ವಾರಕ್ಕೆ ಐದು ದಿನ. ಫೋನು ಸ್ಕೂಟರ್ ಡಿಕ್ಕಿಯಲ್ಲಿ. ಜಾಗ ಒಂದೇ, ಹಕ್ಕಿಯೂ ಆವತ್ತಿಗೆ ಒಂದೇ. ಮೊದಲ ಕಾಲು ಗಂಟೆ ತಲೆಯಲ್ಲಿ ಲೆಕ್ಕ ಓಡ್ತಾನೇ ಇರುತ್ತೆ, ಎದ್ದುಬಿಡಬಾರದು. ಬಹಳ ಜನ ಅಲ್ಲೇ ಎದ್ದು ಬರ್ತಾರೆ. ಆ ಕಾಲು ಗಂಟೆ ಕಳೆಯೋಕೆ ನನ್ನದೊಂದು ಉಪಾಯ ಇದೆ, ಅದು ನನಗೇ ಇರಲಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಐದೂವರೆ ಸಾವಿರದ ಬೈನಾಕ್ಯುಲರ್ ತಂದೆ. ಹಕ್ಕಿಗಳ ಹೆಸರು ಪಟ್ಟಿ ಮಾಡೋ ಹಟ ಬಂತು, ಮತ್ತೆ ಬೀರುವಿಗೆ ಸೇರಿಸಿದೆ. ಸಂಜೆ ಹೊತ್ತು ಲಿಂಗಾಂಬುಧಿ ಕೆರೆಯಲ್ಲಿ ಸೊಳ್ಳೆ ಕೂರೋಕೆ ಬಿಡಲಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಂದು ಭಾನುವಾರ ಹೋದೆ. ಊರೊಳಗೇ, ಮನೆಗಳ ಪಕ್ಕದ ಮರಗಳಲ್ಲೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು. ಮರಿಗಳ ಗಲಾಟೆಯೋ ಗಲಾಟೆ, ಆದರೂ ಎರಡು ಗಂಟೆ ನಿಂತಲ್ಲೇ ನಿಂತಿದ್ದೆ. ವರ್ಷಕ್ಕೆರಡು ಸಲಕ್ಕೆ ಸರಿ. ದಿನಾ ಬೇಕು ಅಂದರೆ ಮನೆಗೆ ಹತ್ತು ನಿಮಿಷದೊಳಗಿರಬೇಕು.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಕೆರೆ ನಮ್ಮ ಕುಕ್ಕರಹಳ್ಳಿಯದು, ಕುವೆಂಪು ಅಡ್ಡಾಡಿದ ಏರಿ. ನನಗೆ ತಗಲೋದು ತಿಂಗಳಿಗೆ ಇನ್ನೂರು ರೂಪಾಯಿ ಪೆಟ್ರೋಲ್.

ಈಗ ಬಿಪಿ ನೂರಮೂವತ್ತರ ಆಸುಪಾಸು. ಮಾತ್ರೆ ಬಿಟ್ಟಿಲ್ಲ, ಅದು ಡಾಕ್ಟರು ಹೇಳಿದ ಹಾಗೆ. ಕಳೆದ ಸಲ ನೂರಮೂವತ್ತು ಚಿಲ್ಲರೆ ರಿಟರ್ನ್ ಕೊನೇ ದಿನಕ್ಕೆ ಒಂದು ವಾರ ಮೊದಲೇ ಮುಗಿಸಿದೆ, ನಮ್ಮ ಬೀದಿಯಲ್ಲಿ ನಾನೊಬ್ಬನೇ. ನಕ್ಕವರಲ್ಲಿ ಇಬ್ಬರು ಈಗ ಏರಿಯ ಆಚೆ ತುದಿಯಲ್ಲಿ ಕೂರ್ತಾರೆ. ನಾನು ಯಾವ ಮರದ ಹತ್ರ ಕೂರ್ತೀನಿ ಅಂತ ಅವರಿಗೂ ಹೇಳಿಲ್ಲ.