ಮಳೆಗಾಲದಲ್ಲಿ ಮರಿಗಳ ಲಸಿಕೆ ಸರಿಹೋಗಿದ್ದು ಹೀಗೆ

ಕುಶಾಲನಗರದ ಹತ್ತಿರ ನಮ್ಮದೊಂದು ಸಣ್ಣ ಹ್ಯಾಚರಿ, ಅಂದರೆ ಕೋಳಿಮರಿ ಮಾಡಿಸುವ ಕೇಂದ್ರ. ಒಂದು ದಿನದ ಮರಿಗಳಿಗೆ ಮಾರೆಕ್ಸ್ ಲಸಿಕೆ ಹಾಕಿಯೇ ಕಳಿಸುತ್ತೇವೆ. ಮಾರೆಕ್ಸ್ ಅಂದರೆ ಕೋಳಿಗಳ ಕಾಲಿನ ಸ್ವಾಧೀನ ತಪ್ಪಿಸುವ ವೈರಸ್ ರೋಗ. ಆದರೂ ಮಳೆಗಾಲದ ಬ್ಯಾಚುಗಳು ಬೆಳೆದ ಮೇಲೆ ಕಾಲು ಎಳೆಯುತ್ತಿವೆ ಎಂಬ ದೂರು ಜಾಸ್ತಿಯಾಯಿತು. ಲಸಿಕೆಯೇ ಕಳಪೆ ಅಂದರು ಹಲವರು. ಬೇಸಿಗೆಯಲ್ಲಿ ಅದೇ ಲಸಿಕೆ ಕೆಲಸ ಮಾಡಿತ್ತು ಅಲ್ವಾ?

ಇದರಲ್ಲಿ ವೈರಸ್ ಇರುವುದು ಜೀವಂತ ಕೋಶಗಳ ಒಳಗೆ. ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಇಟ್ಟಿರುತ್ತಾರೆ. ಲಸಿಕೆಯ ಆಂಪೂಲನ್ನು (ಪುಟ್ಟ ಗಾಜಿನ ಸೀಸೆ) ಸುಮಾರು 27 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಬೇಕು. ನಿಧಾನವಾದರೆ ಕೋಶಗಳು ಸಾಯುತ್ತವೆ. ಕೊಡಗಿನ ಜುಲೈಯಲ್ಲಿ ತೊಟ್ಟಿ ನೀರು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ! ಥರ್ಮಾಮೀಟರ್ ಅದ್ದಿದೆ, ಕಾರಣ ಅಲ್ಲೇ ಸಿಕ್ಕಿತು.

ಈಗ ಬಿಸಿನೀರು ಬೆರೆಸಿ, ಅಳತೆ ನೋಡಿಯೇ ಕರಗಿಸುತ್ತೇವೆ. ಲಸಿಕೆಗೆ ಬೆರೆಸುವ ದ್ರಾವಣದ ಚೀಲವೂ ಕೋಣೆಯ ಬೆಚ್ಚಗಿನ ಮೂಲೆಯಲ್ಲೇ ಇರುತ್ತದೆ. ಕರೆಂಟ್ ಹೋದರೆ ಗ್ಯಾಸ್ ಒಲೆ ಇದೆ. ಕಲಸಿದ್ದನ್ನು ಒಂದು ಗಂಟೆಯೊಳಗೆ ಮುಗಿಸುತ್ತೇವೆ, ನಡುನಡುವೆ ಚೀಲವನ್ನು ಮೆಲ್ಲಗೆ ತಿರುಗಿಸುತ್ತೇವೆ. ಜೋರಾಗಿ ಕುಲುಕಬಾರದು.

ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟವಾಯಿತು. ದ್ರಾವಣಕ್ಕೆ ನೀಲಿ ಬಣ್ಣ ಸೇರಿಸಿ, ಪ್ರತಿ ಬ್ಯಾಚಿನಲ್ಲಿ 100 ಮರಿಗಳ ಕತ್ತಿನ ತುಪ್ಪಳ ಸರಿಸಿ ನೋಡುವುದು. ಚರ್ಮದಡಿ ನೀಲಿ ಇದ್ದರೆ ಲಸಿಕೆ ಸೇರಿದೆ. ತುಪ್ಪಳವೇ ನೀಲಿಯಾಗಿ ಒದ್ದೆಯಾಗಿದ್ದರೆ ಹೊರಗೆ ಸೋರಿದೆ. ಸೋರಿದ್ದು ಹೆಚ್ಚಾಗಿ ಮೊಂಡು ಸೂಜಿಯಿಂದ. ಸೂಜಿಯ ಖರ್ಚು ಎಷ್ಟು ಮಹಾ? ಸುಮ್ನೆ ಬೇಗ ಬೇಗ ಬದಲಿಸಿ.