ಕಲ್ಲಿನ ವಯಸ್ಸು ಹೇಳುವ ಮೊದಲು

"ಮಷಿನ್‌ಗೆ ಹಾಕಿದ್ರೆ ಕಲ್ಲಿನ ವಯಸ್ಸು ಬರ್ತದಲ್ಲ ಸರ್?" ಅಂತ ಜೊತೆಗೆ ಬರುವ ಹುಡುಗರು ಕೇಳುತ್ತಾರೆ. ಸಂಖ್ಯೆಯೇನೋ ಬರುತ್ತದೆ. ಆದರೆ ಅದು ಯಾವುದರ ವಯಸ್ಸು ಅನ್ನುವುದು ಬಂಡೆಯ ಮುಂದೆ ನಿಂತು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ನಾನು ಜಾಸ್ತಿ ಓಡಾಡಿದ್ದು ಕಾರವಾರದಿಂದ ಯಾಣದವರೆಗಿನ ಕಲ್ಲುಗಳ ನಡುವೆ. ಮೊದಲ ಕೆಲಸ, ಯಾವುದು ಮೊದಲು ಬಂತು, ಯಾವುದು ಆಮೇಲೆ ಅಂತ ನೋಡುವುದು. ಕಾರವಾರದ ಕಡಲಂಚಿನಲ್ಲಿ ನೀರು ಇಳಿದಾಗ ಬೂದು ನೈಸ್ (ಬಿಸಿ, ಒತ್ತಡಕ್ಕೆ ಸಿಕ್ಕಿ ಬದಲಾದ ಪಟ್ಟೆ ಕಲ್ಲು) ಬಂಡೆಯನ್ನು ಸೀಳಿಕೊಂಡು ಹೋದ ಕಪ್ಪು ಪಟ್ಟಿ ಕಾಣುತ್ತದೆ. ಅದೇ ಡೈಕ್, ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾರಸ. ನಡುವೆ ಅದರ ಕಣ ದಪ್ಪ, ಅಂಚಿನಲ್ಲಿ ತೀರಾ ಸಣ್ಣ. ಬಿಸಿ ರಸ ತಣ್ಣಗಿದ್ದ ಬಂಡೆಗೆ ತಾಗಿ ಬೇಗ ಆರಿದ್ದರಿಂದ ಹೀಗಾಗಿದೆ. ಅಂದರೆ ಡೈಕ್ ಬರುವಾಗ ನೈಸ್ ಆಗಲೇ ಅಲ್ಲಿತ್ತು.

ಪದರಗಳಲ್ಲಿ ಕೆಳಗಿನದು ಹಳೆಯದು ಅಂತ ಶಾಲೆಯಲ್ಲಿ ಕಲಿತಿರುತ್ತೇವೆ, ಅಲ್ವಾ? ನಮ್ಮ ಜಿಲ್ಲೆಯಲ್ಲಿ ಅದನ್ನು ಸುಮ್ನೆ ನಂಬುವ ಹಾಗಿಲ್ಲ. ಇಲ್ಲಿನ ಪದರಗಳು ಮಡಚಿ ನೆಟ್ಟಗೆ ನಿಂತಿವೆ. ಹಾಗಾಗಿ ಗ್ರೇವ್ಯಾಕ್, ಅಂದರೆ ಮರಳು ಕೆಸರು ಸೇರಿ ಗಟ್ಟಿಯಾದ ಕಲ್ಲಿನಲ್ಲಿ ನಾನು ಲೆನ್ಸ್ ಹಿಡಿದು ಕಣ ನೋಡುತ್ತೇನೆ. ಮರಳು ನೀರಿನಲ್ಲಿ ತಂಗುವಾಗ ದಪ್ಪ ಕಣ ಮೊದಲು ಕೂರುತ್ತದೆ, ಸಣ್ಣದು ಆಮೇಲೆ. ದಪ್ಪ ಕಣ ಇರುವ ಕಡೆಯೇ ಪದರದ ಅಡಿ.

ಕಚ್ಛ್‌ನಲ್ಲಿ ಕೆಲಸ ಮಾಡುವವರಿಗೆ ಅಮೋನೈಟ್ (ಸುರುಳಿ ಚಿಪ್ಪಿನ, ಈಗ ಅಳಿದ ಕಡಲ ಪ್ರಾಣಿ) ಪಳೆಯುಳಿಕೆ ಸಿಕ್ಕರೆ ಪದರದ ಕಾಲ ಅಲ್ಲೇ ತಿಳಿಯುತ್ತದೆ. ನಮಗೆ ಆ ಅನುಕೂಲ ಇಲ್ಲ. ಇಲ್ಲಿನ ಕಲ್ಲುಗಳು ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕಿಂತ ಎಷ್ಟೋ ಹಳೆಯವು.

ನಮ್ಮ ಆಧಾರ ಜಿರ್ಕಾನ್, ಬಂಡೆಯೊಳಗೆ ಸಿಗುವ ಪುಟ್ಟ ಗಟ್ಟಿ ಹರಳು. ಮಳೆ ಹೆಚ್ಚು ಬೀಳುವ ಊರಲ್ಲಿ ಹೊಸ ಮುಖದ ಕಲ್ಲು ಸಿಗುವುದೇ ಕಷ್ಟ. ಜೆಲ್ಲಿ ಕ್ವಾರಿಗೋ ರಸ್ತೆ ಅಗಲ ಮಾಡಲು ಕಡಿದ ಜಾಗಕ್ಕೋ ಹೋಗಿ, ಕೊಳೆಯದ ಕಲ್ಲನ್ನು ಕೆಜಿಗಟ್ಟಲೆ ತರುತ್ತೇನೆ. ಪುಡಿ ಮಾಡಿ, ಜರಡಿ ಹಿಡಿದು, ಮೊರದಲ್ಲಿ ಅಕ್ಕಿ ಕೇರಿದ ಹಾಗೆ ನೀರಿನಲ್ಲಿ ಹಗುರ ಕಣ ಹೊರಗೆ ಹಾಕುತ್ತೇನೆ. ಆಮೇಲೆ ಅಯಸ್ಕಾಂತ, ಭಾರದ ದ್ರವ. ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಒಂದೊಂದೇ ಹರಳು ಆರಿಸುವುದು. ಕಣ್ಣು ಸೋಲುವ ಕೆಲಸ, ಆದರೂ ನನಗೆ ಇಷ್ಟದ್ದು.

ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಸೇರಿಸುವುದೇ ಇಲ್ಲ. ಆ ಯುರೇನಿಯಂ ತಾನಾಗಿಯೇ ನಿಧಾನಕ್ಕೆ ಸೀಸವಾಗುತ್ತಾ ಹೋಗುತ್ತದೆ. ಹಾಗಾಗಿ ಒಳಗೆ ಸಿಗುವ ಸೀಸ ಬಹುತೇಕ ಯುರೇನಿಯಂನಿಂದಲೇ ಬಂದದ್ದು. ಯುರೇನಿಯಂ-238 ಅರ್ಧವಾಗಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ 70 ಕೋಟಿ. ಒಂದೇ ಹರಳಿನಲ್ಲಿ ಎರಡು ಲೆಕ್ಕ. ಎರಡೂ ತಾಳೆಯಾದರೆ ಸಂಖ್ಯೆ ನಂಬುತ್ತೇನೆ. ಆಗದಿದ್ದರೆ ನಡುವೆ ಎಂದೋ ಬಿಸಿ ತಾಗಿ ಸೀಸ ಸೋರಿದೆ ಅಂತ ಅನುಮಾನಿಸುತ್ತೇನೆ. ಕಾರವಾರದ ಸುತ್ತಿನ ನೈಸ್ 300 ಕೋಟಿ ವರ್ಷ ದಾಟಿದ್ದು ಅಂತ ತಿಳಿದಿರುವುದು ಈ ಹರಳುಗಳಿಂದಲೇ.

ಗ್ರೇವ್ಯಾಕ್‌ನಲ್ಲೂ ಜಿರ್ಕಾನ್ ಇರುತ್ತದೆ. ಆದರೆ ಅದು ಬೇರೆ ಬೆಟ್ಟ ಸವೆದು ಹೊಳೆಯಲ್ಲಿ ಬಂದದ್ದು. ಅದರ ವಯಸ್ಸು ಆ ಬೆಟ್ಟದ್ದು, ಪದರದ್ದಲ್ಲ. ಅಲ್ಲಿ ಸಿಕ್ಕ ಅತಿ ಎಳೆಯ ಹರಳಿಗಿಂತ ಪದರ ಹಳೆಯದಾಗಿರಲಾರದು, ಅದೊಂದು ಗಡಿ. ಪದರವನ್ನು ಕೊಯ್ದು ಹೋದ ಡೈಕಿನ ವಯಸ್ಸು ಇನ್ನೊಂದು ಗಡಿ. ಡೈಕ್‌ನಲ್ಲಿ ಜಿರ್ಕಾನ್ ಅಪರೂಪ, ಅದಕ್ಕೆ ಪೊಟ್ಯಾಸಿಯಂ ಆರ್ಗಾನ್ ಆಗುವ ಲೆಕ್ಕ ಹಿಡಿಯಬಹುದು. ನಾನು ವರದಿಯಲ್ಲಿ ಬರೆಯುವುದು ಈ ಎರಡು ಗಡಿಗಳನ್ನೇ. ನಡುವೆ ಒಂದು ಸಂಖ್ಯೆ ಕೊಡಿ ಅಂತ ಎಷ್ಟೇ ಕೇಳಿದರೂ ಕೊಡುವುದಿಲ್ಲ.

ನಮ್ಮ ಮನೆಗಳ ಚಿರೇಕಲ್ಲಿನ ಕಥೆಯೂ ಹೀಗೇ. ಅದರೊಳಗಿನ ಜಿರ್ಕಾನ್ ಮೂಲ ಬಂಡೆಯ ವಯಸ್ಸು ಹೇಳುತ್ತದೆ, ಆ ಬಂಡೆ ಮಳೆ ಬಿಸಿಲಿಗೆ ಕೊಳೆತು ಚಿರೇಕಲ್ಲಾದ ಕಾಲವನ್ನಲ್ಲ. ಯಾಣದಲ್ಲೂ ಸುಣ್ಣಕಲ್ಲಿನ ವಯಸ್ಸು ಬೇರೆ, ಮಳೆನೀರು ಅದನ್ನು ಕರಗಿಸಿ ಶಿಖರ ಮಾಡಿದ ಕಾಲ ಬೇರೆ.

ಅಘನಾಶಿನಿ ಅಳಿವೆಯ ಕೆಸರಿನಲ್ಲಿ ಹೂತ ಬಳಚಿನ ಚಿಪ್ಪಿಗೆ ಬಂದರೆ ಯುರೇನಿಯಂ-ಸೀಸದ ಲೆಕ್ಕ ನಡೆಯುವುದಿಲ್ಲ, ಇಂಗಾಲ-14 ಬೇಕು. ಅದು ಅರ್ಧವಾಗಲು 5,730 ವರ್ಷ, 50 ಸಾವಿರ ವರ್ಷದಾಚೆ ಅಳೆಯಲು ಏನೂ ಉಳಿಯುವುದಿಲ್ಲ. ಎರಡೂ ಹೋಳು ಜೋಡಿಯಾಗಿಯೇ ಇರುವ ಚಿಪ್ಪನ್ನು ನಾನು ಆರಿಸುತ್ತೇನೆ. ಅಂಥದ್ದು ಎಲ್ಲಿಂದಲೋ ತೇಲಿ ಬಂದಿರುವುದಿಲ್ಲ, ಬದುಕಿದ್ದಲ್ಲೇ ಹೂತಿರುತ್ತದೆ. ಸಮುದ್ರದ ನೀರಿನ ಇಂಗಾಲ ಮೊದಲೇ ಹಳೆಯದಾಗಿರುವುದರಿಂದ ಚಿಪ್ಪು ತನ್ನ ವಯಸ್ಸನ್ನು ನೂರಾರು ವರ್ಷ ಹೆಚ್ಚಿಗೆ ತೋರಿಸುತ್ತದೆ. ಅದನ್ನು ಕಳೆದ ಮೇಲೆಯೇ ಆ ಕೆಸರು ಪದರಕ್ಕೆ ವರ್ಷ ಬರೆಯುತ್ತೇನೆ.