ಹಳೆಯ ಎಂಎಲ್ ಕೊಳ್ಳುವ ಮುಂಚೆ ನಾನು ಏನೇನು ನೋಡಿದೆ

ಹೊಸ ಕ್ರೇಟಾಕ್ಕೆ ಕೊಡುವ ದುಡ್ಡಿಗಿಂತ ಕಡಿಮೆಗೆ 2013ರ ಮರ್ಸಿಡಿಸ್ ಎಂಎಲ್ 350 ಸಿಡಿಐ, ಅಂದರೆ ದೊಡ್ಡ ಡೀಸೆಲ್ ಎಸ್‌ಯುವಿ, ಸಿಗುತ್ತೆ ಅಂದರೆ ಯಾರಿಗಾದರೂ ಆಸೆ ಆಗುತ್ತೆ, ಅಲ್ವಾ? ಹೊಸದಿದ್ದಾಗ ಐವತ್ತು ಲಕ್ಷ ದಾಟಿದ್ದ ಗಾಡಿ ಅದು. ಆದರೆ ಇಳಿದದ್ದು ಗಾಡಿಯ ಬೆಲೆ ಮಾತ್ರ. ಬಿಡಿಭಾಗಗಳ ಬೆಲೆ ಇಳಿದಿಲ್ಲ, ಅದು ಈಗಲೂ ಐವತ್ತು ಲಕ್ಷದ ಗಾಡಿಯದೇ.

ಹಾಗಾಗಿ ನಾನು ಗಾಡಿಗಿಂತ ಮೊದಲು ಮಿಸ್ತ್ರಿಯನ್ನು ಹುಡುಕಿದೆ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಜರ್ಮನ್ ಗಾಡಿ ಬಿಚ್ಚಿ ಜೋಡಿಸಿ ಕೈ ಪಳಗಿದ, ಅವುಗಳ ಕಂಪ್ಯೂಟರ್ ಓದುವ ಸ್ಕ್ಯಾನರ್ ಇಟ್ಟುಕೊಂಡಿರುವ ಒಬ್ಬರು ಸಿಕ್ಕರು. ಅವರು ಸಿಗದಿದ್ದರೆ ಈ ಆಸೆಯನ್ನು ಅಲ್ಲಿಗೇ ಬಿಡುತ್ತಿದ್ದೆ. ಬೆಂಗಳೂರು ಇಲ್ಲಿಂದ 400 ಕಿ.ಮೀ. ದೂರ. ಕೆಟ್ಟು ನಿಂತ ಗಾಡಿಯನ್ನು ಅಷ್ಟು ದೂರ ಹೇರಿಕೊಂಡು ಹೋಗುವುದು ಯಾರಿಗೆ ಬೇಕು? ಇನ್ನೊಂದು ಮಾತು. ನನ್ನ ಪಂಪ್‌ಸೆಟ್ ಅಂಗಡಿ ಕೆಲಸಕ್ಕೆ ಬೊಲೆರೋ ಇದೆ. ಮನೆಯಲ್ಲಿ ಇರುವುದು ಒಂದೇ ಗಾಡಿ ಅನ್ನುವವರು ಇಂಥದ್ದಕ್ಕೆ ಕೈ ಹಾಕಬಾರದು ಅಂತಲೇ ನನ್ನ ಅಭಿಪ್ರಾಯ. ಒಂದು ಬಿಡಿಭಾಗ ಬರುವ ತನಕ ಇದು ವಾರಗಟ್ಟಲೆ ಗ್ಯಾರೇಜಿನಲ್ಲಿ ಕೂರಬಹುದು.

ತಮ್ಮ ಮೊಬೈಲ್‌ನಲ್ಲಿ ದಿಲ್ಲಿ ಗಾಡಿಗಳನ್ನು ತೋರಿಸುತ್ತಿದ್ದ. "ಅಣ್ಣಾ, ಇಲ್ಲಿಗಿಂತ ಭಾಳ ಸೋವಿ ಅದಾವ ನೋಡು." ಸೋವಿ ಇದ್ದದ್ದಕ್ಕೆ ಕಾರಣ ಇತ್ತು. ದಿಲ್ಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಆಗ ಅಲ್ಲಿನವರು ಬಂದ ಬೆಲೆಗೆ ಮಾರುತ್ತಿದ್ದರು. ಇಲ್ಲಿಗೆ ತರಬೇಕಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ಟ್ಯಾಕ್ಸ್ ನಾವು ಕೊಟ್ಟ ಬೆಲೆಯ ಮೇಲೆ ಅಲ್ಲ, ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ. ಲೆಕ್ಕ ಹಾಕಿ ತೋರಿಸಿದೆ, ತಮ್ಮ ಸುಮ್ಮನಾದ.

ಗದಗದಲ್ಲಿ ಒಂದು ಹಳೆಯ ಆಡಿ ಕ್ಯೂ7 ನೋಡಿದೆ. ಅದರಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು. ಸಂಜೆ ಟೇಪು ಹಿಡಿದು, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನ ತನಕ ನಾಲ್ಕೂ ಕಡೆ ಅಳೆದೆ. ಬೆಳಿಗ್ಗೆ ಚಾಲೂ ಮಾಡುವ ಮುಂಚೆ ಮತ್ತೆ ಅಳೆದೆ. ಮುಂದಿನ ಎಡಗಡೆ ಎರಡು ಬೆರಳು ಕುಸಿದಿತ್ತು. ಅಷ್ಟು ವರ್ಷದ ರಬ್ಬರ್, ಸೋರುವುದು ಸಹಜ. ಆದರೆ ಚೀಲ ಸೋರಿದರೆ ಗಾಳಿ ತುಂಬುವ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಅದೂ ಸುಟ್ಟುಹೋಗುತ್ತೆ. ಆ ಗಾಡಿ ಬಿಟ್ಟೆ. ಹುಬ್ಬಳ್ಳಿಯಲ್ಲೇ ಇದ್ದ ಒಂದು ಬಿಎಂಡಬ್ಲ್ಯು ಎಕ್ಸ್5 ನೋಡಲು ಹೋದಾಗ ಬಾನೆಟ್ ಆಗಲೇ ಬಿಸಿ ಇತ್ತು. ಅದರ ಡೀಸೆಲ್ ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನ್ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ ಇರುತ್ತೆ. ಅದು ಸಡಿಲಾಗಿದ್ದರೆ ತಣ್ಣಗಿದ್ದಾಗಲೇ ಸದ್ದು ಗೊತ್ತಾಗುವುದು. ಮೊದಲೇ ಚಾಲೂ ಮಾಡಿಟ್ಟವರ ಹತ್ತಿರ ನಾನು ವ್ಯಾಪಾರ ಮಾಡಲ್ಲ.

ಕೊನೆಗೆ ಧಾರವಾಡದಲ್ಲಿ ಆ ಎಂಎಲ್ ನೋಡಿದೆ. ಮಾಲೀಕರು ನಿವೃತ್ತರು. "ಬೆಳಿಗ್ಗೆ ಬರ್ತೀನ್ರಿ, ಅಲ್ಲೀತನಕ ಚಾಲೂ ಮಾಡಬ್ಯಾಡ್ರಿ" ಅಂದಿದ್ದಕ್ಕೆ ಹಾಗೇ ಬಿಟ್ಟಿದ್ದರು. ಒಂದೇ ಸಲಕ್ಕೆ ಹಿಡಿಯಿತು, ಹೊಗೆ ಇಲ್ಲ. ನುಗ್ಗಿಕೇರಿ ದಾಟಿ ಕಲಘಟಗಿ ರಸ್ತೆಯಲ್ಲಿ ಗಾಜು ಇಳಿಸಿ ಗುಂಡಿಗಳ ಮೇಲೆ ಮೆಲ್ಲಗೆ ಓಡಿಸಿದೆ. ಗೇರ್ ಬದಲಾಗಿದ್ದು ಗೊತ್ತೇ ಆಗಲಿಲ್ಲ.

ಆಮೇಲೆ ಗೋಕುಲ ರೋಡಿಗೆ ತಂದು ಸ್ಕ್ಯಾನರ್ ಹಾಕಿಸಿದೆ. ಓಡಿದ ಕಿ.ಮೀ. ಲೆಕ್ಕ ಮೀಟರಿನಲ್ಲಷ್ಟೇ ಅಲ್ಲ, ಗಾಡಿಯ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ (ಒಳಗಿನ ಸಣ್ಣ ಕಂಪ್ಯೂಟರ್‌ಗಳು) ಉಳಿದಿರುತ್ತೆ. ಎಲ್ಲಾ ಹೊಂದಿತು. ಟೈರ್ ಮಾತ್ರ ಹಳೆಯವು. ಟೈರಿನ ಪಕ್ಕದಲ್ಲಿ ಮೊಟ್ಟೆ ಆಕಾರದ ಗೆರೆಯೊಳಗೆ 2217 ಅಂತ ಇತ್ತು. ಅಂದರೆ 2017ರ 22ನೇ ವಾರ ತಯಾರಾದದ್ದು. ಹಲ್ಲು ಚೆನ್ನಾಗಿದ್ದವು, ರಬ್ಬರ್ ಬಿರುಕು ಬಿಟ್ಟಿತ್ತು.

ಲಿಫ್ಟ್ ಏರಿಸಿದ ಮೇಲೆ ಮಿಸ್ತ್ರಿ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗಕ್ಕೆ ಬಿಳಿ ಬಟ್ಟೆ ಒತ್ತಿ ತೋರಿಸಿದರು. ಕಪ್ಪು ಎಣ್ಣೆ. ಗೇರ್‌ಬಾಕ್ಸ್ ಕಡೆಯ ಸೀಲ್, ಅಂದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್, ಹೋಗಿದೆ ಅಂದುಕೊಂಡೆ. ಅವರು ಟಾರ್ಚ್ ಹಿಡಿದು ಮೇಲಕ್ಕೆ ತೋರಿಸಿದರು. ಇದು ವಿ6 ಎಂಜಿನ್. ಎರಡು ಸಾಲು ಸಿಲಿಂಡರ್‌ಗಳ ನಡುವಿನ ತಗ್ಗಿನಲ್ಲಿ, ಟರ್ಬೋ ಕೆಳಗೆ ಎಂಜಿನ್ ಎಣ್ಣೆ ತಂಪು ಮಾಡುವ ಆಯಿಲ್ ಕೂಲರ್ ಕೂತಿರುತ್ತೆ. ಅದರ ಸೀಲ್‌ಗಳು ಬಿಸಿಗೆ ವರ್ಷಾನುಗಟ್ಟಲೆ ಬೆಂದು ಗಟ್ಟಿಯಾಗುತ್ತವೆ. ಎಣ್ಣೆ ಆ ತಗ್ಗಿನಲ್ಲಿ ನಿಂತು, ಹಿಂದಿನಿಂದ ಕೆಳಗೆ ಇಳಿಯುತ್ತೆ. "ಸೀಲ್ ಸೋವಿ ಅದಾವ್ರಿ ಸಾವಕಾರ್ರ. ಅಲ್ಲೀತನಕ ಕೈ ಹೋಗೂದ ತುಟ್ಟಿ." ಟರ್ಬೋ, ಇಂಟೇಕ್ ಎಲ್ಲಾ ಬಿಚ್ಚಬೇಕು. ಹೊಸ ನಮೂನೆಯ ನೇರಳೆ ಬಣ್ಣದ ಸೀಲ್ ಬಂದಿದೆ, ಅದು ಬಿಸಿ ಜಾಸ್ತಿ ತಡೆಯುತ್ತೆ ಅಂದರು.

ನಾನು ತಗೊಳ್ಳುವುದು ಅಂತ ತೀರ್ಮಾನಿಸಿದ್ದು ಈ ಸೋರಿಕೆ ನೋಡಿದ ಮೇಲೆಯೇ. ಎಲ್ಲಿಂದ, ಯಾಕೆ, ಎಷ್ಟು ಖರ್ಚು ಅಂತ ಗೊತ್ತಿರುವ ರೋಗ ಅದು. ಬೇರೆ ದೊಡ್ಡ ತೊಂದರೆ ಕಾಣಲಿಲ್ಲ, ಸರ್ವಿಸ್ ಬಿಲ್‌ಗಳೂ ಸಾಲಾಗಿ ಇದ್ದವು. ಮಿಸ್ತ್ರಿ ಹತ್ತಿರ ಖರ್ಚಿನ ಅಂದಾಜು ಬರೆಸಿಕೊಂಡು, ನಾಲ್ಕು ಟೈರ್ ಸೇರಿಸಿ ಮಾಲೀಕರ ಮುಂದೆ ಇಟ್ಟೆ.

"ಏನ್ರೀ, ನಾಕ ಹನಿ ಎಣ್ಣಿಗೆ ಇಷ್ಟ ಕಡಿಮಿ ಮಾಡ್ರಿ ಅಂದ್ರ ಹೆಂಗ್ರಿ?"

"ನೀವ ಮಾಡಿಸಿ ಕೊಡ್ರಿ, ನೀವು ಹೇಳಿದ ರೇಟ ಕೊಡ್ತೀನಿ" ಅಂದೆ. ಚಹಾ ಕುಡಿದು ಮುಗಿಸುವ ಹೊತ್ತಿಗೆ ಆಯಿಲ್ ಕೂಲರ್ ಖರ್ಚು ಪೂರ್ತಿ, ಟೈರ್ ಖರ್ಚು ಅರ್ಧ ಇಳಿಸಿಕೊಂಡರು.

ಕಾಗದಪತ್ರದಲ್ಲಿ ನೋಡಿದ್ದು ಕೆಲವೇ. ಸಾಲದ ನಮೂದು ಆರ್‌ಸಿಯಿಂದ ತೆಗೆದಿತ್ತು. ಎರಡನೇ ಕೀ ಕೊಟ್ಟರು. ಆರ್‌ಸಿ 2028ರ ತನಕ ಇದೆ. ಆಮೇಲೆ ಫಿಟ್ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಹಸಿರು ತೆರಿಗೆ ಬೇರೆ. 15 ವರ್ಷದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದೆ. ವಿಮೆ ವಿಷಯ ಬಹಳ ಜನ ಮರೆಯುತ್ತಾರೆ. ಕೊಂಡ 14 ದಿನದೊಳಗೆ ಪಾಲಿಸಿ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಕ್ಲೇಮ್ ಮಾಡದೆ ಇದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅವರಿಗೇ ಸೇರಿದ್ದು, ಗಾಡಿ ಜೊತೆ ಬರಲ್ಲ. ಅಂದರೆ ಅವರು ಕಟ್ಟುತ್ತಿದ್ದುದಕ್ಕಿಂತ ನನ್ನ ಪ್ರೀಮಿಯಂ ಜಾಸ್ತಿ. ಅದನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿದ್ದೆ.